ಮಿತವಾಗಿ ಕುಡಿಯುವ ಕಡಲೆ

ಮೈಸೂರಿನ ನಮ್ಮ ಮನೆಯಲ್ಲಿ ದಸರಾ ಗೊಂಬೆ ಕೂರಿಸಿದ ಮೇಲೆ ಒಂದು ದಿನವಾದರೂ ಕಡಲೆಕಾಳಿನ ಉಸಲಿ ಆಗಲೇಬೇಕು. ನಾವು ಕಾಳು ನೆನೆಹಾಕುವ ಆ ದಿನಗಳಲ್ಲೇ ಗದಗ, ವಿಜಯಪುರ, ಕಲಬುರಗಿಯ ಎರೆ ಹೊಲಗಳಲ್ಲಿ ಕಡಲೆ ಬಿತ್ತನೆ ನಡೆದಿರುತ್ತದೆ. ಹಿಂಗಾರಿನ ಒಂದೆರಡು ಮಳೆ ಬಂದರೆ ಬಂತು. ಆಮೇಲೆ ಮಣ್ಣು ಹಿಡಿದಿಟ್ಟ ತೇವವೇ ಗಿಡಕ್ಕೆ ಗತಿ. ಕಾಳು ತುಂಬುವ ಹೊತ್ತಿಗೆ ನೆಲ ಬಿರುಕು ಬಿಟ್ಟಿರುತ್ತದೆ.

ತಳಿಗಳ ವ್ಯತ್ಯಾಸ ಕಾಣುವುದು ಆಗಲೇ. ಐಸಿಸಿವಿ 2 ತಳಿ ಸುಮಾರು 85 ದಿನಗಳಲ್ಲಿ ಮಾಗಿ, ಬರಕ್ಕೆ ಸಿಗದೆ ಪಾರಾಗುತ್ತದೆ. ಐಸಿಸಿ 4958ರದು ಬೇರಿನ ಬಲ: ಆಳಕ್ಕೆ ಇಳಿದು, ಹುಲುಸಾಗಿ ಹರಡಿಕೊಳ್ಳುತ್ತದೆ. ಅದರ ನಾಲ್ಕನೆಯ ವರ್ಣತಂತುವಿನಲ್ಲಿರುವ, ಬರ ತಾಳುವ ಗುಣಗಳಿಗೆ ಸಂಬಂಧಿಸಿದ ಭಾಗವನ್ನು ಪೂಸಾ 372 ಎಂಬ ತಳಿಗೆ ಸೇರಿಸಿಯೇ ಪೂಸಾ ಚಿಕ್‌ಪೀ 10216 ತಳಿಯನ್ನು ರೂಪಿಸಿದರು.

ಬೇರು ಉದ್ದವಿದ್ದಷ್ಟೂ ಒಳ್ಳೆಯದೆಂದು ನಾನೂ ಬಹುಕಾಲ ನಂಬಿದ್ದೆ. ಆ ನಂಬಿಕೆಯನ್ನು ಅಲುಗಿಸಿದ್ದು ಒಣಸೀಮೆಯ ಬೆಳೆಗಳ ಸಂಶೋಧನೆ ನಡೆಸುವ, ಹೈದರಾಬಾದ್ ಬಳಿಯ ಅಂತರರಾಷ್ಟ್ರೀಯ ಸಂಸ್ಥೆ ಇಕ್ರಿಸ್ಯಾಟ್‌ನ ಪ್ರಯೋಗ. ಅಲ್ಲಿ ಎದೆಮಟ್ಟದ ಕೊಳವೆಗಳಿಗೆ ಮಣ್ಣು ತುಂಬಿ, ಕಡಲೆ ಬೆಳೆಸಿ, ಕೊಳವೆಗಳನ್ನೇ ಆಗಾಗ ತೂಗಿದರು. ತೂಕ ಇಳಿದಷ್ಟು ನೀರನ್ನು ಗಿಡ ಕುಡಿದಿದೆ ಎಂದು ಲೆಕ್ಕ. 2011ರಲ್ಲಿ ಪ್ರಕಟವಾದ ಆ ಫಲಿತಾಂಶ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಬರ ತಾಳಿದ ತಳಿಗಳು ಒಟ್ಟಾರೆ ಹೆಚ್ಚು ನೀರನ್ನೇನೂ ಕುಡಿದಿರಲಿಲ್ಲ. ನೀರು ಧಾರಾಳವಾಗಿದ್ದಾಗಲೇ ಅವು ಎಲೆಗಳಿಂದ ಕಡಿಮೆ ಆವಿ ಬಿಟ್ಟು, ಹೂ ಬಿಡುವ ಮೊದಲು ಮಿತವಾಗಿ ಕುಡಿದಿದ್ದವು. ಹಾಗೆ ಉಳಿದ ನೀರು ಕಾಳು ಕಟ್ಟುವ ದಿನಗಳಿಗೆ ಒದಗಿತು. ಮೊದಲೇ ಹುಲುಸಾಗಿ ಬೆಳೆದ ಗಿಡಗಳಿಗೆ, ಬೇಕಾದಾಗ ನೀರಿಲ್ಲದಾಯಿತು. ಎಳೆಯ ಪೈರಿನ ಸೊಂಪು ನೋಡಿ ಫಸಲನ್ನು ಅಳೆಯುವ ನಮ್ಮ ಕಣ್ಣನ್ನು ಇಲ್ಲಿ ನಂಬುವಂತಿಲ್ಲ.

ನಮ್ಮ ಸೀಮೆಯ ಮಾತೇ ಬೇರೆ. ಮೈಸೂರು, ಮಂಡ್ಯದ ಒಣಭೂಮಿಯ ಕೆಮ್ಮಣ್ಣು ಎರೆಯಷ್ಟು ನೀರು ಹಿಡಿಯುವುದಿಲ್ಲ. ಹಲವೆಡೆ ಸ್ವಲ್ಪ ಅಗೆದರೆ ಗರಸು. ಇಳಿಯಲು ಜಾಗವೇ ಇಲ್ಲದ ಕಡೆ ಆಳದ ಬೇರು ಏನು ಮಾಡೀತು? ಆದ್ದರಿಂದ ನಂಜನಗೂಡಿನ ಕಡೆಯ ಗೆಳೆಯರು ಕಡಲೆಯ ತಳಿ ಯಾವುದೆಂದು ಕೇಳಿದರೆ, ಮೊದಲು ಹೊಲದಲ್ಲಿ ಮೂರು ಅಡಿ ಗುಂಡಿ ತೋಡಿ ನೋಡಿ ಎನ್ನುತ್ತೇನೆ. ತಳದವರೆಗೂ ಎರೆ ಸಿಕ್ಕರೆ ಬೇರಿನ ಮಾತು ಆಡೋಣ. ಗರಸು ಸಿಕ್ಕರೆ, ಬೇಗ ಮಾಗುವ ತಳಿಯ ಬೀಜ ಹುಡುಕೋಣ.