ಈ ಕೆತ್ತನೆ ಯಾರ ಮನೆಯದು? ವಿಗಾಂಗೊ ಇಟ್ಟುಕೊಂಡು ಪ್ರಾವಿನೆನ್ಸ್ ಕಲಿಯೋಣ

ಆಫ್ರಿಕಾದ ಮರದ ಕೆತ್ತನೆಗಳ ಬಗ್ಗೆ ಓದಲು ಶುರು ಮಾಡಿದವರು ಮೊದಲು ಎಡವುವುದು ಇಲ್ಲೇ. ‘ಇದು ಫಾಂಗ್ ಜನರದ್ದು, ಗ್ಯಾಬೊನ್ ಕಡೆಯದು’ ಅಂತ ಗುರುತು ಹಿಡಿದರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ. ಅದು ಶೈಲಿ ಗುರುತಿಸಿದ್ದು, ಅಷ್ಟೇ. ಪ್ರಾವಿನೆನ್ಸ್ ಅಂದರೆ ಕೆತ್ತಿದ ದಿನದಿಂದ ಇವತ್ತಿನ ತನಕ ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ಲೆಕ್ಕ. ಕೊಟ್ಟಿದ್ದಾ, ಮಾರಿದ್ದಾ, ಕದ್ದಿದ್ದಾ? ಅಪ್ಪಟ ಅಸಲಿ ಕೆತ್ತನೆಯೂ ಕದ್ದ ಮಾಲಾಗಿರಬಹುದು ಅಲ್ವಾ?

ನನಗೆ ಇದು ತಲೆಗೆ ಹತ್ತಿದ್ದು ಕೆನ್ಯಾದ ವಿಗಾಂಗೊಗಳ ಬಗ್ಗೆ ಓದಿದ ಮೇಲೆ. ಒಂದಾದರೆ ಕಿಗಾಂಗೊ, ಹಲವಾದರೆ ವಿಗಾಂಗೊ. ಕರಾವಳಿಯ ಮಿಜಿಕೆಂಡಾ ಜನರಲ್ಲಿ ಗೋಹು ಎಂಬ ಹಿರಿಯರ ಕೂಟ ಇದೆ. ಅದರ ಸದಸ್ಯ ಸತ್ತರೆ ಅವನ ಹೆಸರಲ್ಲಿ ಗಟ್ಟಿ ಮರದ ಎತ್ತರದ ಕಂಬ ನೆಡುತ್ತಾರೆ. ಮೇಲೆ ತಲೆಯ ಆಕಾರ, ಮೈತುಂಬ ಸಣ್ಣ ಸಣ್ಣ ತ್ರಿಕೋನಗಳ ಕೆತ್ತನೆ. ಸತ್ತವನ ಆತ್ಮ ಅದರಲ್ಲಿದೆ ಎಂಬ ನಂಬಿಕೆ. ಹಾಗಾಗಿ ಒಮ್ಮೆ ನೆಟ್ಟ ಕಂಬವನ್ನು ಕೀಳುವಂತಿಲ್ಲ. ಮನೆಯವರು ಬೇರೆ ಕಡೆ ಹೋದರೂ ಅದು ಅಲ್ಲೇ ನಿಂತಿರಬೇಕು. ಇದನ್ನೇ ವ್ಯಾಪಾರಿಗಳು ‘ಯಾರಿಗೂ ಬೇಡವಾಗಿ ಬಿಟ್ಟುಹೋದದ್ದು’ ಅಂತ ತಿರುಗಿಸಿ ಹೇಳಿದರು. ಪ್ರಾವಿನೆನ್ಸ್ ಕಾಗದದಲ್ಲಿ ‘ಬಿಟ್ಟುಹೋದದ್ದು’ ಅಂತ ಕಂಡರೆ, ಹಾಗಂದವರು ಯಾರು ಅಂತ ಮೊದಲು ಕೇಳಿ.

1985ರಲ್ಲಿ ಮೋನಿಕಾ ಉಡ್‌ವಾರ್ಡಿ ಎಂಬ ಮಾನವಶಾಸ್ತ್ರಜ್ಞೆ ಅಲ್ಲಿನ ಒಬ್ಬ ಹಿರಿಯರ ಫೋಟೋ ತೆಗೆದರು. ಪಕ್ಕದಲ್ಲಿ ಅವರ ತೀರಿಹೋದ ಸೋದರರ ಎರಡು ಕಂಬಗಳು. ಆಮೇಲೆ ಫೋಟೋ ಕೊಡಲು ಹೋದರೆ ಕಂಬಗಳೇ ಇಲ್ಲ, ಕದ್ದುಕೊಂಡು ಹೋಗಿದ್ದರು. 1999ರಲ್ಲಿ, ಆಫ್ರಿಕಾ ಅಧ್ಯಯನದ ಒಂದು ಸಮ್ಮೇಳನದಲ್ಲಿ, ಇನ್ನೊಬ್ಬ ಸಂಶೋಧಕಿ ಲಿಂಡಾ ಜೈಲ್ಸ್ ತೋರಿಸುತ್ತಿದ್ದ ಸ್ಲೈಡ್ ಒಂದರಲ್ಲಿ ಉಡ್‌ವಾರ್ಡಿಗೆ ಆ ಎರಡರಲ್ಲಿ ಒಂದು ಕಂಬ ಕಾಣಿಸಿತು! ಅದು ಅಮೆರಿಕದ ಇಲಿನಾಯ್ ಸ್ಟೇಟ್ ಮ್ಯೂಸಿಯಂನಲ್ಲಿತ್ತು. ಹುಡುಕಿದಾಗ ಅದರ ಜೊತೆಯ ಇನ್ನೊಂದು ಕಂಬ ವರ್ಜೀನಿಯಾದ ಹ್ಯಾಂಪ್ಟನ್ ವಿಶ್ವವಿದ್ಯಾಲಯದ ಮ್ಯೂಸಿಯಂನಲ್ಲಿ ಸಿಕ್ಕಿತು. 2007ರ ಹೊತ್ತಿಗೆ ಎರಡೂ ಆ ಕುಟುಂಬಕ್ಕೆ ವಾಪಸ್ ಬಂದವು.

ಇಲ್ಲಿ ಕೆಲಸ ಮಾಡಿದ್ದು ಆ ಒಂದು ಫೋಟೋ. ಕೈಯಲ್ಲಿ ಕೆತ್ತಿದ ಎರಡು ಕಂಬಗಳು ಒಂದೇ ಥರ ಇರುವುದಿಲ್ಲ. ತ್ರಿಕೋನಗಳ ಸಾಲು, ಮರದ ಬಿರುಕು, ಮುಕ್ಕಾದ ಅಂಚು, ಇವನ್ನು ಒಂದೊಂದಾಗಿ ಫೋಟೋ ಜೊತೆ ತಾಳೆ ನೋಡಬಹುದು. ಅದಕ್ಕಿಂತ ಮುಖ್ಯವಾಗಿ, ಆ ಫೋಟೋದಲ್ಲಿ ಕಂಬ ಇನ್ನೂ ಮನೆಯ ಅಂಗಳದಲ್ಲೇ ಇದೆ. ವ್ಯಾಪಾರಿಯ ರಸೀದಿ ಶುರುವಾಗುವುದೇ ಅಂಗಡಿಯಿಂದ. ಅಂಗಳದಿಂದ ಅಂಗಡಿಗೆ ಹೇಗೆ ಬಂತು ಅನ್ನುವುದೇ ಸರಪಳಿಯ ಮೊದಲ ಕೊಂಡಿ. ಜಾಸ್ತಿ ಕಾಣೆಯಾಗುವುದೂ ಅದೇ.

2022ರಲ್ಲಿ ಫ್ರಾನ್ಸಿನ ಮೊಂಪೆಲ್ಯೇದಲ್ಲಿ ಹರಾಜಾದ ಫಾಂಗ್ ಮುಖವಾಡ ನೋಡಿ. ಅದರ ಬೆಲೆ 42 ಲಕ್ಷ ಯೂರೊ. ಮೊದಲು ವಯಸ್ಸಾದ ದಂಪತಿಯೊಬ್ಬರು ಅದನ್ನು ಸುಮ್ನೆ 150 ಯೂರೊಗೆ ಮಾರಿದ್ದರು. ವಸಾಹತು ಕಾಲದ ಗವರ್ನರ್ ಒಬ್ಬರು ಸುಮಾರು 1917ರಲ್ಲಿ ತಂದದ್ದು ಎಂದು ಕ್ಯಾಟಲಾಗ್ ಹೇಳುತ್ತಿತ್ತು. ಯಾವ ಪರಿಸ್ಥಿತಿಯಲ್ಲಿ ತಂದರು? ‘ಗೊತ್ತಿಲ್ಲ’ ಅಂತ ಅದರಲ್ಲೇ ಬರೆದಿತ್ತು. ಗವರ್ನರ್ ಹೆಸರಿದೆ, ವರ್ಷ ಇದೆ, ಮೊದಲ ಕೊಂಡಿ ಮಾತ್ರ ಇಲ್ಲ.

ಕಾಗದ ಇಲ್ಲದಿದ್ದರೆ ಪೀಠ ಮಗುಚಿ ನೋಡಿ. ಪ್ಯಾರಿಸ್ಸಿನಲ್ಲಿ ಕಿಚಿಜೊ ಇನಾಗಾಕಿ ಎಂಬ ಜಪಾನಿ ಕುಶಲಕರ್ಮಿ ಇದ್ದರು, 1951ರಲ್ಲಿ ತೀರಿಕೊಂಡರು. ದೊಡ್ಡ ವ್ಯಾಪಾರಿಗಳೆಲ್ಲ ಆಫ್ರಿಕಾದ ಶಿಲ್ಪಗಳಿಗೆ ಅವರಿಂದ ಮರದ ಪೀಠ ಮಾಡಿಸುತ್ತಿದ್ದರು. ಅಡಿಯಲ್ಲಿ ಅವರ ಪುಟ್ಟ ಮುದ್ರೆ ಸಿಕ್ಕರೆ, 1951ಕ್ಕೆ ಮೊದಲೇ ಆ ಶಿಲ್ಪ ಪ್ಯಾರಿಸ್ ಮಾರುಕಟ್ಟೆ ಸೇರಿತ್ತು ಅನ್ನಲು ಒಂದು ಸುಳಿವು. ಸುಳಿವು ಮಾತ್ರ, ಸಾಕ್ಷಿ ಅಲ್ಲ. ಹಳೇ ಪೀಠಕ್ಕೆ ಹೊಸ ಬೊಂಬೆ ಕೂರಿಸಲು ಎಷ್ಟು ಹೊತ್ತು ಬೇಕು?

ಮತ್ತೆ ವಿಗಾಂಗೊಗೆ ಬರೋಣ. 1990ರಲ್ಲಿ ನಟ ಜೀನ್ ಹ್ಯಾಕ್‌ಮನ್ ಮತ್ತು ನಿರ್ಮಾಪಕ ಆರ್ಟ್ ಲಿನ್ಸನ್ ಕಡೆಯಿಂದ ಡೆನ್ವರ್‌ನ ಪ್ರಕೃತಿ ಮತ್ತು ವಿಜ್ಞಾನ ಮ್ಯೂಸಿಯಂಗೆ 30 ಕಂಬಗಳು ದಾನವಾಗಿ ಬಂದವು. ದಾನಿಗಳು ಗೊತ್ತು, ವರ್ಷ ಗೊತ್ತು, ಮಿಜಿಕೆಂಡಾ ಜನರದ್ದು ಅನ್ನುವುದೂ ಗೊತ್ತು. ಯಾವುದು ಯಾರ ಮನೆಯದು ಅಂತ ಮಾತ್ರ ಮ್ಯೂಸಿಯಂನವರಿಗೆ ಪತ್ತೆ ಹಚ್ಚಲು ಆಗಲಿಲ್ಲ. ಕೊಟ್ಟುಬಿಡುವುದೆಂದು 2014ರಲ್ಲಿ ತೀರ್ಮಾನಿಸಿದರು, 2019ರಲ್ಲಿ ಕೆನ್ಯಾಕ್ಕೆ ಕಳಿಸಿದರು. ಆ 30 ಕಂಬಗಳು ಹೋದದ್ದು ಯಾವ ಅಂಗಳಕ್ಕೂ ಅಲ್ಲ, ಕೆನ್ಯಾದ ರಾಷ್ಟ್ರೀಯ ಮ್ಯೂಸಿಯಂ ಸಂಸ್ಥೆಯ ಸುಪರ್ದಿಗೆ.