98.6 ಎಲ್ಲಿಂದ ಬಂತು, ಮಗುವಿಗೆ ಅದು ಎಷ್ಟು ಒಪ್ಪುತ್ತದೆ

ಜರ್ಮನಿಯ ಲೈಪ್‌ಜಿಗ್‌ನ ವೈದ್ಯ ಕಾರ್ಲ್ ವುಂಡರ್ಲಿಶ್ 1868ರಲ್ಲಿ ಬರೆದದ್ದು ಮನುಷ್ಯನ ಸಹಜ ಮೈಬಿಸಿ 37 ಡಿಗ್ರಿ ಸೆಲ್ಸಿಯಸ್ ಎಂದು. ಆ ದುಂಡು ಸಂಖ್ಯೆಯನ್ನು ಫ್ಯಾರನ್‌ಹೀಟ್‌ಗೆ ಬದಲಿಸಿದಾಗ 98.6 ಆಯಿತು. ದಶಾಂಶ ಸೇರಿಕೊಂಡದ್ದರಿಂದ ಇಲ್ಲದ ನಿಖರತೆಯೊಂದು ಅದಕ್ಕೆ ಅಂಟಿಕೊಂಡಿತು. ಇಂದಿಗೂ ಮಗುವಿನ ಮೈ 99 ತೋರಿಸಿದರೆ ಮನೆಮಂದಿ ಜ್ವರದ ಔಷಧಿ ಹುಡುಕುತ್ತಾರೆ.

ವುಂಡರ್ಲಿಶ್ ಸುಮಾರು 25,000 ರೋಗಿಗಳ ಕಂಕುಳಿನಲ್ಲಿ ಉದ್ದನೆಯ ಥರ್ಮಾಮೀಟರ್ ಇಟ್ಟು, ಹದಿನೈದಿಪ್ಪತ್ತು ನಿಮಿಷ ಕಾದು, ಅಳತೆಗಳನ್ನು ಕಲೆಹಾಕಿದ. ಆರೋಗ್ಯವಂತರ ಮೈಬಿಸಿ ದಿನದಲ್ಲಿ ಏರಿಳಿಯುತ್ತದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಕೊಟ್ಟದ್ದು ಒಂದು ವ್ಯಾಪ್ತಿ. ಜಗತ್ತು ಉಳಿಸಿಕೊಂಡದ್ದು ಸರಾಸರಿಯನ್ನು ಮಾತ್ರ. 1992ರಲ್ಲಿ ಅಮೆರಿಕದ ವೈದ್ಯ ಫಿಲಿಪ್ ಮಕೋವಿಯಾಕ್ ಮತ್ತು ಸಂಗಡಿಗರು 148 ಆರೋಗ್ಯವಂತ ವಯಸ್ಕರ ಬಾಯಿಯಲ್ಲಿ ಅಳೆದಾಗ ಸರಾಸರಿ 98.2 ಬಂತು, ಸಂಜೆಯ ಹೊತ್ತಿಗೆ 99.9ರವರೆಗೂ ಸಹಜವೇ ಎಂದು ಕಂಡಿತು.

ಇವೆಲ್ಲ ದೊಡ್ಡವರ ಲೆಕ್ಕ. ಎಳೆಯ ಮಕ್ಕಳ ಮೈ ಸಹಜವಾಗಿಯೇ ತುಸು ಹೆಚ್ಚು ಬೆಚ್ಚಗಿರುತ್ತದೆ. ನಸುಕಿನಲ್ಲಿ ಕಡಿಮೆ, ಸಂಜೆಗೆ ಹೆಚ್ಚು. ಓಡಿಯಾಡಿದರೆ, ದಪ್ಪ ಬಟ್ಟೆ ಸುತ್ತಿದರೆ ಇನ್ನಷ್ಟು. ಎಲ್ಲಿ ಅಳೆದಿರಿ ಎಂಬುದೂ ಮುಖ್ಯ. ಗುದದ್ವಾರದಲ್ಲಿ 100.4 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಜ್ವರ. ಕಂಕುಳಿನಲ್ಲಿ ಅಳತೆ ಕಡಿಮೆ ಬರುವುದರಿಂದ 99.5ರಿಂದಲೇ ಜ್ವರವೆಂದು ಎಣಿಸುವ ವಾಡಿಕೆ. ಮಗು ಆರಾಮವಾಗಿರುವಾಗ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅಳೆದು ಬರೆದಿಟ್ಟುಕೊಂಡರೆ ಅದರದೇ ಸಹಜ ಬಿಸಿ ತಿಳಿಯುತ್ತದೆ. ಈ ಎರಡು ಸಾಲಿನ ಟಿಪ್ಪಣಿ ಎಷ್ಟೋ ರಾತ್ರಿಗಳ ಆತಂಕವನ್ನು ತಪ್ಪಿಸುತ್ತದೆ ಎಂದು ನಾನು ನಂಬುತ್ತೇನೆ.

ಮೂರು ತಿಂಗಳೊಳಗಿನ ಕೂಸಿನ ವಿಚಾರದಲ್ಲಿ ಮಾತ್ರ ಇಷ್ಟು ಸಡಿಲ ಬೇಡ. 100.4 ಮುಟ್ಟಿದರೆ ಮನೆಯಲ್ಲಿ ಔಷಧಿ ಕೊಟ್ಟು ಕಾಯದೆ ಕೂಡಲೇ ವೈದ್ಯರಿಗೆ ತೋರಿಸಬೇಕು.

ನಾವು ಬಿಸಿಗೆ ಹೆದರಿದಷ್ಟು ತಣ್ಣಗಾಗುವುದಕ್ಕೆ ಹೆದರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ನವಜಾತ ಶಿಶುವಿಗೆ 97.7ರಿಂದ 99.5 ಸಹಜ. ಅದಕ್ಕಿಂತ ಕೆಳಗಿಳಿದರೆ ಅಪಾಯ ಶುರುವಾಗುತ್ತದೆ. ದೊಡ್ಡವರಂತೆ ನಡುಗಿ ಬಿಸಿ ಹುಟ್ಟಿಸಿಕೊಳ್ಳುವುದು ಕೂಸಿಗೆ ಬರುವುದಿಲ್ಲ. ಕತ್ತು, ಬೆನ್ನಿನ ಬಳಿಯ ಕಂದುಬಣ್ಣದ ಕೊಬ್ಬನ್ನು ಕರಗಿಸಿಕೊಂಡೇ ಅದು ಬೆಚ್ಚಗಿರಬೇಕು. ತೂಕ ಕಡಿಮೆಯಿರುವ, ದಿನ ತುಂಬದ ಕೂಸುಗಳಲ್ಲಿ ಆ ಕೊಬ್ಬೂ ಸಾಲದು. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ, ಕೂಸನ್ನು ಬೆಚ್ಚಗಿಡುವ ಶಿಶುಪೆಟ್ಟಿಗೆಗಳು (ಇನ್‌ಕ್ಯುಬೇಟರ್) ಸಾಲದೇ ಹೋದಾಗ, ವೈದ್ಯ ಎಡ್ಗರ್ ರೇ ಇಂಥ ಕೂಸುಗಳನ್ನು ತಾಯಿಯ ಬರಿಯ ಎದೆಗೆ ಒರಗಿಸಿ ಕಟ್ಟಿಸಿದರು. ಕಾಂಗರೂ ಆರೈಕೆ ಎಂಬ ಹೆಸರಿನಲ್ಲಿ ಅದೇ ಕ್ರಮ ಇಂದು ನಮ್ಮ ಆಸ್ಪತ್ರೆಗಳ ಹೆರಿಗೆ ವಾರ್ಡುಗಳಲ್ಲೂ ನಡೆಯುತ್ತಿದೆ.