ಪುಪ್ಪುಸ ದೊಡ್ಡದು ಮಾಡೂದು ಹೆಂಗ್ರಿ?

"ಸರ, ಸೈಕಲ್ ಮ್ಯಾಲ ನಲವತ್ತ ಕಿಲೋಮೀಟರ್ ಆರಾಮ ಹೊಡಿತೀನ್ರಿ. ಇಳದು ಓಡಾಕ ನಿಂತ್ರ ಎರಡ ಕಿಲೋಮೀಟರಿಗೆ ದಮ್ ಹತ್ತತೈತಿ. ಪುಪ್ಪುಸ ದೊಡ್ಡದು ಮಾಡಾಕ ಏನ್ ಮಾಡಬೇಕ್ರಿ?"

ವಿಜಯಪುರ, ಬಾಗಲಕೋಟೆಯ ಸೈಕಲ್ ಹುಡುಗರು ಟ್ರಯಥ್ಲಾನ್ (ಈಜು, ಸೈಕಲ್, ಓಟ ಮೂರೂ ಸೇರಿದ ಸ್ಪರ್ಧೆ) ಕಡೆ ಹೊರಳಿದ ಕೂಡಲೇ ಕೇಳುವ ಮೊದಲ ಪ್ರಶ್ನೆ ಇದು. ಉತ್ತರ ಎಷ್ಟು ಸಲ ಕೊಟ್ಟರೂ ಅದೇ: ಬೆಳವಣಿಗೆ ನಿಂತ ಮೇಲೆ ಪುಪ್ಪುಸ ದೊಡ್ಡದಾಗುವುದಿಲ್ಲ. ಆಗಬೇಕಾದ ಅಗತ್ಯವೂ ಇಲ್ಲ. ಅದರ ಅಳತೆಯನ್ನು ನಿಮ್ಮ ಎತ್ತರ, ವಯಸ್ಸು, ಲಿಂಗ ನಿರ್ಧರಿಸಿಬಿಟ್ಟಿರುತ್ತವೆ.

ನಂಬಿಕೆ ಬರದಿದ್ದರೆ ಕೊರೊನಾ ಕಾಲದ ಆಕ್ಸಿಮೀಟರ್ ಕಪಾಟಿನಿಂದ ತೆಗೆಯಿರಿ. ದಮ್ಮು ಹತ್ತುವಷ್ಟು ಓಡಿ, ನಿಂತ ತಕ್ಷಣ ಬೆರಳಿನ ಬೆವರು ಒರೆಸಿ, ಕೈ ಅಲುಗಿಸದೆ ಹಾಕಿ ನೋಡಿ. ಆರೋಗ್ಯವಂತರಲ್ಲಿ ಸಾಮಾನ್ಯವಾಗಿ 95 ಅಥವಾ ಹೆಚ್ಚೇ ತೋರಿಸುತ್ತದೆ. ಅಂದರೆ ನೀವು ಬಾಯಿ ಬಿಡುತ್ತಿರುವಾಗಲೂ ಪುಪ್ಪುಸ ರಕ್ತಕ್ಕೆ ಆಮ್ಲಜನಕ ತುಂಬಿಸಿ ಕಳಿಸಿದೆ. ಏದುಸಿರಿಗೆ ಮುಖ್ಯ ಕಾರಣ ಆಮ್ಲಜನಕದ ಕೊರತೆ ಅಲ್ಲ, ಸ್ನಾಯುಗಳು ರಕ್ತಕ್ಕೆ ಬಿಟ್ಟ ಇಂಗಾಲದ ಡೈಆಕ್ಸೈಡ್ ಮತ್ತು ಆಮ್ಲವನ್ನು ಹೊರಹಾಕುವ ಅವಸರ.

ತಿಕೋಟಾ ಕಡೆಯ ದ್ರಾಕ್ಷಿ ತೋಟ ನೆನಪಿಸಿಕೊಳ್ಳಿ. ಬಾವಿ ತುಂಬ ನೀರಿದೆ, ಮೋಟರು ಮಾತ್ರ ಮೂರು ಎಚ್‌ಪಿ, ಡ್ರಿಪ್ ಪೈಪು ಅರ್ಧ ತೋಟಕ್ಕಷ್ಟೇ. ಆಗ ಯಾರಾದರೂ ಬಾವಿ ಅಗಲ ಮಾಡಿಸುತ್ತಾರೇನು? ಪುಪ್ಪುಸ ಬಾವಿ, ಹೃದಯ ಮೋಟರು, ಸ್ನಾಯುವಿನೊಳಗಿನ ಲೋಮನಾಳ (ಕೂದಲಿಗಿಂತ ತೆಳು ರಕ್ತನಾಳ) ಡ್ರಿಪ್ ಪೈಪು. ತರಬೇತಿಯಿಂದ ಬದಲಾಗುವುದು ಕೊನೆಯ ಎರಡು.

"ಹಂಗಾದ್ರ ಮಾಸ್ಕ್ ಹಾಕ್ಕೊಂಡು ಓಡಿದ್ರ?" ಬೆಟ್ಟದ ಗಾಳಿಯಂತೆ ಕೆಲಸ ಮಾಡುತ್ತದೆ ಎಂದು ಮಾರುವ, ಉಸಿರು ಬಿಗಿಯುವ ಮಾಸ್ಕಿನ ಮಾತಿದು. ಬೆಟ್ಟದ ಮೇಲೆ ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಇಲ್ಲಿಯಂತೆ ಶೇ. 21ರಷ್ಟೇ ಇರುತ್ತದೆ, ಒತ್ತಡ ಕಡಿಮೆ. ಮಾಸ್ಕು ಒತ್ತಡ ಇಳಿಸುವುದಿಲ್ಲ, ಮೂಗು ಹಿಡಿಯುತ್ತದೆ ಅಷ್ಟೇ. ಎತ್ತರದಿಂದ ರಕ್ತ ಬದಲಾಗಬೇಕಾದರೆ 2,000 ಮೀಟರ್ ಮೇಲೆ ಮೂರು ನಾಲ್ಕು ವಾರ ಬದುಕಬೇಕು. ದಿನಕ್ಕೆ ಅರ್ಧ ತಾಸಿನ ಮಾಸ್ಕಿನಿಂದ ಆಗುವುದು ಒಂದೇ: ಉಸಿರು ಸಾಲದೆ ವೇಗ ಇಳಿದು, ಹೃದಯಕ್ಕೆ ಸಿಗಬೇಕಾದ ಕೆಲಸವೂ ತಪ್ಪುತ್ತದೆ. "ಈಜುಗಾರರ ಪುಪ್ಪುಸ ದೊಡ್ಡದಿರ್ತದಲ್ರಿ?" ಇರುತ್ತದೆ. ಅವರಲ್ಲಿ ಬಹಳಷ್ಟು ಜನ ಬೆಳೆಯುವ ವಯಸ್ಸಿನಲ್ಲೇ ನೀರಿಗಿಳಿದವರು, ಎತ್ತರದವರು. ಇಪ್ಪತ್ತೆಂಟಕ್ಕೆ ಶುರು ಮಾಡಿದವರಿಗೆ ಆ ಲೆಕ್ಕ ಹೊಂದುವುದಿಲ್ಲ.

ಇದೇ ನಂಬಿಕೆಯ ಅಪಾಯಕಾರಿ ರೂಪ, ಬಾವಿಯಲ್ಲಿ ಮುಳುಗಿ ಉಸಿರು ಹಿಡಿಯುವ ಪಂದ್ಯ. ಮುಳುಗುವ ಮುಂಚೆ ಜೋರಾಗಿ ಹತ್ತಿಪ್ಪತ್ತು ಸಲ ಉಸಿರಾಡಿದರೆ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಆಮ್ಲಜನಕ ಹೆಚ್ಚೇನೂ ಏರುವುದಿಲ್ಲ. 'ಮೇಲೆ ಬಾ' ಎನ್ನುವ ಸೂಚನೆ ಸಿಗುವ ಮೊದಲೇ ಪ್ರಜ್ಞೆ ತಪ್ಪಬಹುದು. ಚೆನ್ನಾಗಿ ಈಜು ಬಲ್ಲವರೂ ಹೀಗೆ ಸತ್ತಿದ್ದಾರೆ. ಮಾಡಬೇಡಿ.

ಈಗ ಮೋಟರಿನ ಮಾತು. ತರಬೇತಿ ಇಲ್ಲದವರ ಹೃದಯ ಪೂರ್ತಿ ದುಡಿಯುವಾಗ ಒಂದು ಬಡಿತಕ್ಕೆ ಸುಮಾರು 100–120 ಮಿಲಿಲೀಟರ್ ರಕ್ತ ದೂಡುತ್ತದೆ. ವರ್ಷಗಟ್ಟಲೆ ಪಳಗಿದವರದು 150 ದಾಟಿ 200ರ ಹತ್ತಿರ ಹೋಗಬಹುದು. ಗರಿಷ್ಠ ಬಡಿತ ಏರುವುದಿಲ್ಲ, ಏರಿಸಲು ಒದ್ದಾಡಬೇಡಿ. ಮೊದಲ ಎರಡು ವಾರದಲ್ಲೇ ರಕ್ತದ ನೀರಿನಂಶ ಹೆಚ್ಚುತ್ತದೆ, ಲೋಮನಾಳಕ್ಕೆ ಆರೆಂಟು ವಾರ ಬೇಕು, ಹೃದಯದ ಕೋಣೆ ಹಿಗ್ಗಲು ತಿಂಗಳುಗಳು. ತಾಲೀಮಿನ ಹೊತ್ತಿನಲ್ಲಿ ನೂರಕ್ಕೆ ಎಂಬತ್ತರಷ್ಟು ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡುವ ವೇಗದಲ್ಲಿರಲಿ. ವಾರಕ್ಕೊಮ್ಮೆ ನಾಲ್ಕು ನಿಮಿಷದ ನಾಲ್ಕು ಸುತ್ತು, ಗರಿಷ್ಠ ಬಡಿತದ ಶೇ. 90ರ ಮೇಲೆ, ನಡುವೆ ಮೂರು ನಿಮಿಷ ನಿಧಾನ. ಮೊದಲ ಸುತ್ತಿಗೇ ಸತ್ತೆ ಅನಿಸಿದರೆ ಅತಿಯಾಯಿತು ಅಂತ ಅರ್ಥ.

ಸೈಕಲ್‌ನಿಂದ ಇಳಿದಾಗಿನ ದಮ್ಮು ಬೇರೆ. ಸೀಟಿನ ಮೇಲೆ ಮೈಭಾರ ಸೈಕಲ್ ಹೊರುತ್ತದೆ, ಓಟದಲ್ಲಿ ನೀವೇ ಹೊರಬೇಕು. ಅದೇ ಶ್ರಮಕ್ಕೂ ಬಡಿತ ಐದು ಹತ್ತು ಹೆಚ್ಚಿರುತ್ತದೆ. ವಾರಕ್ಕೊಮ್ಮೆ ಒಂದು ತಾಸು ಸೈಕಲ್ ಹೊಡೆದು, ಐದು ನಿಮಿಷದೊಳಗೆ ಶೂ ಬದಲಿಸಿ ಹದಿನೈದು ನಿಮಿಷ ಓಡಿ. ಮೊದಲ ಕಿಲೋಮೀಟರ್ ನಿಮ್ಮ ಮಾಮೂಲಿಗಿಂತ ಹದಿನೈದಿಪ್ಪತ್ತು ಸೆಕೆಂಡ್ ನಿಧಾನವಾಗಿರಲಿ. ಎಪ್ರಿಲ್, ಮೇ ಬಿಸಿಲಿನಲ್ಲಿ ಸಿಂದಗಿ ರೋಡಿಗೆ ಹೋದರೆ ಅದೇ ವೇಗಕ್ಕೆ ಬಡಿತ ಇನ್ನೂ ಹತ್ತು ಏರಿದರೂ ಆಶ್ಚರ್ಯ ಬೇಡ. ಚರ್ಮ ತಂಪಾಗಿಸಲು ರಕ್ತ ಅತ್ತ ಹರಿದಿರುತ್ತದೆ.

ಯಾರೂ ಕೇಳದ ಇನ್ನೊಂದು: ಜೋರು ತಾಲೀಮು ಶುರುವಾದ ಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ತುಸು ಇಳಿದು ಕಾಣಬಹುದು. ರಕ್ತದಲ್ಲಿ ನೀರು ಬೇಗ ಹೆಚ್ಚಿ, ಕೆಂಪು ಕಣ ನಿಧಾನವಾಗಿ ಹೆಚ್ಚುವುದೇ ಕಾರಣ, ಸಾರಿಗೆ ನೀರು ಬೆರೆಸಿದ ಹಾಗೆ. ಆದರೆ ನಿಜವಾದ ರಕ್ತಹೀನತೆಯೂ ಹಾಗೆಯೇ ಕಾಣುತ್ತದೆ, ಹೆಣ್ಣುಮಕ್ಕಳಲ್ಲಿ ಹೆಚ್ಚು. ಮೆಡಿಕಲ್ ಅಂಗಡಿಯಿಂದ ಕಬ್ಬಿಣದ ಗುಳಿಗೆ ತಂದು ನುಂಗುವ ಮೊದಲು ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) ಪರೀಕ್ಷೆ ಮಾಡಿಸಿ, ವರದಿ ಡಾಕ್ಟರಿಗೆ ತೋರಿಸಿ. ಹಿಂದಿನ ದಿನ ಜೋರು ತಾಲೀಮು ಬೇಡ, ಜ್ವರ ಇದ್ದಾಗಂತೂ ಪರೀಕ್ಷೆಯೇ ಬೇಡ, ಫೆರಿಟಿನ್ ಸುಳ್ಳೇ ಏರಿ ಕಾಣುತ್ತದೆ.